ಪತ್ತೇದಾರನ ಕಣ್ಣು

ಗಂಡ ರಂಗದ ಮೇಲೆ ತಡವರಿಸಿದಾಗ ಪರದೆಯ ಮರೆಯಿಂದ ಮಾತು ಎತ್ತಿಕೊಡುವುದೇ ಕೋರಾಳ ಕೆಲಸವಾಗಿತ್ತು. ಆಂಬ್ರೋಸನಿಗೆ ವಯಸ್ಸಾದಂತೆ ಮರೆವು ಹೆಚ್ಚಿತ್ತು. ಆದರೂ ಅವನ ಪತ್ತೇದಾರನ ಪಾತ್ರ ನೋಡಲು ಶಿಕಾಗೋದ ಜನ ಮುಗಿಬೀಳುತ್ತಿದ್ದರು. ಆ ಕೊಲೆಯ ನಾಟಕವನ್ನೇ ಮಾತಾಡುವ ಚಿತ್ರ ಮಾಡುತ್ತೇವೆಂದು ಹಾಲಿವುಡ್‌ನಿಂದ ಕರೆ ಬಂದಾಗ ಅವನು ಹಿಗ್ಗಿದ. ಕೋರಾಳಿಗೆ ಮಾತ್ರ ನಿದ್ದೆ ಹಾರಿಹೋಯಿತು. ಮೈಕು ಪಿಸುಮಾತನ್ನೂ ಬಿಡುವುದಿಲ್ಲವಂತೆ!

ಚಿತ್ರೀಕರಣದ ದಿನ ಬಾಗಿಲುಗಳನ್ನೆಲ್ಲ ಮುಚ್ಚಿ, ಫ್ಯಾನುಗಳನ್ನೂ ನಿಲ್ಲಿಸಿದರು. ದೀಪಗಳ ಧಗೆಗೆ ಮೈ ಬೆಂದುಹೋಗುತ್ತಿತ್ತು. ಕೋರಾ ಕ್ಯಾಮೆರಾದ ಪಕ್ಕದಲ್ಲಿ ಮುದುರಿ ಕೂತು, ಸದ್ದಿಲ್ಲದೆ ತುಟಿಯಾಡಿಸಿದಳು. ಆಂಬ್ರೋಸ್ ಮಾತುಮಾತಿಗೂ ಅವಳತ್ತ ಕಳ್ಳನೋಟ ಬೀರುತ್ತ ಹೇಗೋ ದಡ ಸೇರಿದ.

ಎರಡು ದಿನ ಕಳೆದು ನಿರ್ದೇಶಕ ಗ್ರಿಗ್ಸ್ ತೆಗೆದಷ್ಟು ಚಿತ್ರವನ್ನು ಇಬ್ಬರಿಗೂ ತೋರಿಸಿದ. ಪರದೆಯ ಮೇಲೆ ಪತ್ತೇದಾರನ ಕಣ್ಣು ಒಂದೆಡೆ ನಿಲ್ಲದೆ ಹೊರಳಾಡುತ್ತಿತ್ತು. ಕೋರಾ ಕೈಗವಸು ಹಿಂಡುತ್ತ ಎದ್ದಳು.

"ತಪ್ಪು ನಂದು ಸಾರ್..."

"ಕೂತ್ಕೊಳ್ಳಿ ಮೇಡಂ. ಆ ಕಣ್ಣು ನೋಡಿ! ಕೊಲೆ ಮಾಡಿರೋದು ಇವ್ರೇ ಅಂತ ನಂಗೇ ಅನ್ನಿಸ್ತಿದೆ. ಹಾಗೇ ಆಗ್ಲಿ. ಕೊಲೆಗಾರನ್ನ ಬಯಲು ಮಾಡೋ ಕೊನೇ ಭಾಷಣ ಬೇಡ. ಪೊಲೀಸ್ರು ಬೇಡಿ ಹಾಕ್ಲಿ, ಇವ್ರು ಬಾಯಿಬಿಡದೆ ನಡ್ಕೊಂಡು ಹೋಗ್ಲಿ."

ಕೋರಾಳಿಗೆ ಹೋದ ಜೀವ ಬಂದಂತಾಯಿತು. ಆಂಬ್ರೋಸನ ಮುಖ ಕೆಂಪೇರಿತು. ಹೊರಗೆ ಬಂದವನೇ ಸಿಡಿದ:

"ಇಷ್ಟು ವರ್ಷ ಕೊಲೆಗಾರನ್ನ ಹಿಡ್ಕೊಟ್ಟೋನು ನಾನು. ಈಗ ನಂಗೇ ಬೇಡೀನಾ?"

"ಮಾತೇ ಇಲ್ಲವಲ್ರೀ, ಮರೆಯೋ ಭಯಾನೂ ಇಲ್ಲ."

"ಆ ಭಾಷಣಾನ ಒಂದ್ಸಲಾನಾದ್ರೂ ಎತ್ಕೊಟ್ಟಿದ್ದೀಯೇನೇ?"

ಅದೊಂದನ್ನು ಅವನು ಯಾವತ್ತೂ ಮರೆತಿರಲಿಲ್ಲ. ಕೋರಾ ಗ್ರಿಗ್ಸ್‌ನ ಬಳಿಗೆ ಓಡಿದಳು, ಭಾಷಣ ಉಳಿಸಿ ಎಂದು ಅಂಗಲಾಚಿದಳು. ಅವನು ಜಗ್ಗಲಿಲ್ಲ.

ಚಿತ್ರ ಭರ್ಜರಿಯಾಗಿ ಓಡಿತು. ಒಂದು ಮಧ್ಯಾಹ್ನ ಇಬ್ಬರೂ ಜನರ ನಡುವೆ ಕೂತು ನೋಡಿದರು. ಬೇಡಿ ಬಿದ್ದಾಗ ಇಡೀ ಚಿತ್ರಮಂದಿರ ಹೌಹಾರಿತು. ಹೊರಗೆ ಬರುವಾಗ ಆಂಬ್ರೋಸ್ ಒಬ್ಬ ಪುಟ್ಟ ಹುಡುಗಿಗೆ ಟೋಪಿ ಎತ್ತಿ ನಕ್ಕ. ಅವಳು ಚೀರುತ್ತ ಅಮ್ಮನ ಬೆನ್ನ ಹಿಂದೆ ಅಡಗಿದಳು.

ಅವನು ದಾಪುಗಾಲು ಹಾಕಿ ನಡೆದ. ಕೋರಾ ಏದುಸಿರು ಬಿಡುತ್ತ ಹಿಂಬಾಲಿಸಿದಳು.

"ಗ್ರಿಗ್ಸ್ ಇನ್ನೊಂದು ಪಾತ್ರ ಕೊಡ್ತಾನಂತೆ," ಎಂದ. "ವಿಷ ಹಾಕೋ ಡಾಕ್ಟ್ರು."

"ಏನಂದ್ರಿ?"

"ಆಗ್ಲಿ ಅಂದೆ. ಇನ್ನೇನು ಅನ್ಲಿ?"

ಮತ್ತೆ ಹೆಜ್ಜೆ ಚುರುಕು ಮಾಡಿದ. ಟ್ರಾಮು ಬಂದು ನಿಂತರೂ, ಕಿಟಕಿಯಲ್ಲಿ ಮಕ್ಕಳ ಮುಖ ಕಂಡು ಹತ್ತಲಿಲ್ಲ.