ಎಲ್ಲರೂ ಅಂದ್ರೆ ಯಾರು

ಕೊಯ್ಲು ಶುರುವಾಗಿತ್ತು. ಊರಿನ ಕುಡುಗೋಲುಗಳೆಲ್ಲ ಬೆಳಿಗ್ಗೆಯೇ ಊರೂರು ತಿರುಗುವ ಸಾಣೆಯವನ ಚಕ್ರಕ್ಕೆ ಮೈಯೊಡ್ಡಿ, ಹೊಳೆಯುತ್ತ ಹೊಲಕ್ಕಿಳಿದಿದ್ದವು. ಕೂಲಿ ಆಮೇಲೆ, ಕಾಳು ಮನೆಗೆ ಬಂದಾಗ ಒಂದೊಂದು ಸೇರು. ಅವನೂ ಹೂಂ ಅಂದಿದ್ದ.

ಶಾಲೆಯಲ್ಲಿ ಟೀಚರಮ್ಮ ನಾಲ್ಕನೇ ತರಗತಿಯವರಿಗೆ ಟಿಪ್ಪಣಿ ಬರೆಯುವುದನ್ನು ಕಲಿಸುತ್ತಿದ್ದಳು. ಒಂದು ಚೀಟಿಗೆ ಒಂದೇ ಸಂಗತಿ. ಕೆಳಗೆ ಗೆರೆ ಎಳೆದು, ಓದಿದ್ದಾದರೆ ಪುಸ್ತಕದ ಹೆಸರು, ಪುಟ. ಕೇಳಿದ್ದಾದರೆ ಹೇಳಿದವರು ಯಾರು. ಇಲ್ಲವೇ ‘ನಾನೇ ಕಂಡೆ’. ದರ್ಜಿಯ ಮಗಳು ಗೂಬೆಗೆ ಹಗಲು ಕಣ್ಣು ಕಾಣದು ಎಂದು ಬರೆದು, ಕೆಳಗೆ ‘ಎಲ್ಲರೂ ಹೇಳ್ತಾರೆ’ ಎಂದು ಸೇರಿಸಿದ್ದಳು. ಅದಕ್ಕೆ ಕೆಂಪು ಗೀಟು ಬಿದ್ದಿತ್ತು. ಸಣ್ಣ ದನಿಯ ಆ ಹುಡುಗಿಗೆ ಪಿಟೀಲು ಎಂದೇ ಅಡ್ಡಹೆಸರು.

ಆಗಲೇ ಬಾಗಿಲು ತಳ್ಳಿಕೊಂಡು ಸಾಣೆಯವನು ಒಳನುಗ್ಗಿದ. ಹೆಗಲಲ್ಲಿ ಚಕ್ರ, ಕೈಯಲ್ಲಿ ಚೀಲ, ಕಿವಿಯ ಹತ್ತಿರ ರಕ್ತ.

“ಅಟ್ಟಿಸ್ಕೊಂಡು ಬರ್ತಿದ್ದಾರಮ್ಮ. ನಾನೇನೂ ಮಾಡಿಲ್ಲ.”

ಟೀಚರಮ್ಮ ಅವನನ್ನು ಸಾಮಾನಿನ ಕೋಣೆಗೆ ನೂಕಿ ಚಿಲಕ ಹಾಕಿದಳು. ಒಂದು ಒದೆಗೆ ಕಿತ್ತು ಬರುವ ಚಿಲಕ ಅದು. ಮಕ್ಕಳಿಗೆ ಏಳಬೇಡಿ ಎಂದು ಹೇಳಿ ಜಗಲಿಗೆ ಬಂದು ನಿಂತಳು.

ಅಂಗಳದಲ್ಲಿ ಅರ್ಧ ಊರು. ಮುಂದೆ ಹಿಟ್ಟಿನ ಗಿರಣಿಯವನು, ಹಾಲು ಮಾರುವವಳು, ದರ್ಜಿ. ಕೈಗಳಲ್ಲಿ ಬೆಳಿಗ್ಗೆ ಸಾಣೆ ಹಿಡಿಸಿದ ಅದೇ ಕುಡುಗೋಲುಗಳು.

“ಪಕ್ಕಕ್ಕೆ ಸರೀರಿ ಟೀಚರಮ್ಮ. ಅವನು ಮಕ್ಕಳ ಕಳ್ಳ,” ಎಂದ ಗಿರಣಿಯವನು. “ಆ ಚೀಲ ನೋಡಿದ್ರಾ?”

“ಅದರಲ್ಲಿರೋದು ಸಾಣೆಕಲ್ಲು ಕಣ್ರೀ.”

“ನಿಮಗೊಬ್ರಿಗೆ ಗೊತ್ತಿಲ್ಲ. ಎಲ್ಲರೂ ಹೇಳ್ತಾರೆ.”

ಟೀಚರಮ್ಮನ ಬೆನ್ನ ಹಿಂದಿನಿಂದ ಸಣ್ಣ ದನಿ ಬಂತು.

“ಎಲ್ಲರೂ ಅಂದ್ರೆ ಯಾರು ಮಾವ?”

ಪಿಟೀಲು ಚೀಟಿ, ಪೆನ್ಸಿಲ್ಲು ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಟೀಚರಮ್ಮ ಹಿಡಿದೆಳೆಯಲು ಚಾಚಿದ ಕೈಗೆ ಜಡೆಯ ತುದಿಯೂ ಸಿಗಲಿಲ್ಲ. ಹುಡುಗಿಯ ತಲೆ ಕುಡುಗೋಲುಗಳ ಮಟ್ಟಕ್ಕೇ ಇತ್ತು.

“ನಿಮಗ್ಯಾರು ಹೇಳಿದ್ದು? ಬರ್ಕೋಬೇಕು. ಇಲ್ದಿದ್ರೆ ಗೀಟು ಹಾಕ್ತಾರೆ.”

“ಒಳಗೆ ಹೋಗೇ. ಹಾಲಿನಕ್ಕ ಹೇಳಿದ್ಲು,” ಎಂದ ಗಿರಣಿಯವನು.

ಹುಡುಗಿ ಬರೆದುಕೊಂಡಳು. “ಹಾಲಿನಕ್ಕಾ, ನೀವೇ ಕಂಡ್ರಾ?”

“ನಾನೆಲ್ಲಿ ಕಾಣ್ಲಿ? ನಿಮ್ಮಪ್ಪನೇ ಅಂಗಡೀಲಿ ಅಂದಿದ್ದು.”

ದರ್ಜಿ ತನ್ನ ಮಗಳ ಮುಖ ನೋಡಲಾರದೆ ಗಂಟಲು ಸರಿಮಾಡಿಕೊಂಡ. “ನಾನು ಹಿಟ್ಟು ಬೀಸಿಸೋಕೆ ಗಿರಣಿಗೆ ಹೋದಾಗ... ಇವನೇ ಹೇಳಿದ್ನಲ್ಲ.”

ಪೆನ್ಸಿಲ್ಲು ನಿಂತಿತು. “ಟೀಚರ್, ಮೊದಲಿನ ಹೆಸರೇ ಮತ್ತೆ ಬಂತು. ಈಗೇನು ಬರೀಲಿ?”

ಹಿಂದೆ ಯಾರೋ ಕಿಸಕ್ಕೆಂದರು. ಟೀಚರಮ್ಮನಿಗೆ ನಗು ಬರಲಿಲ್ಲ. ಕುಡುಗೋಲಿನ ಮೇಲೆ ಗಿರಣಿಯವನ ಹಿಡಿ ಇನ್ನೂ ಬಿಗಿಯಾಗಿತ್ತು.

“ಅಂದ್ರೆ ನಾನು ಸುಳ್ಳುಗಾರನೇನೇ?” ಎಂದು ಅವನು ಒಂದು ಹೆಜ್ಜೆ ಮುಂದಿಟ್ಟ.

ದರ್ಜಿ ತನ್ನ ಮಗಳನ್ನು ಬೆನ್ನ ಹಿಂದಕ್ಕೆಳೆದು, ಗಿರಣಿಯವನ ಮಣಿಕಟ್ಟು ಹಿಡಿದ. “ಬಾರಯ್ಯ. ಪೈರು ನಿಂತಿದೆ.”

ಗಿರಣಿಯವನು ಅಲುಗಲಿಲ್ಲ. ಆಮೇಲೆ ನೆಲಕ್ಕೆ ಉಗಿದು ತಿರುಗಿದ. ಉಳಿದವರೂ ಹಿಂದೆ ನೋಡುತ್ತ ನೋಡುತ್ತ ಚದುರಿದರು.

ಸಂಜೆ ಚಿಲಕ ತೆಗೆದಾಗ ಸಾಣೆಯವನು ಮೂಲೆಯಲ್ಲಿ ಮುದುಡಿ ಕೂತಿದ್ದ.

“ಹಿಂದಿನ ದಾರೀಲಿ ಯಾರೂ ಇಲ್ಲ. ಹೋಗಪ್ಪ.”

“ಯಾರು ಹೇಳಿದ್ರಮ್ಮ?”

“ನಾನೇ ನೋಡಿ ಬಂದೆ.”

ಅವನು ಚಕ್ರ ಹೆಗಲಿಗೇರಿಸಿದ. ಕೂಲಿಯ ಕಾಳಿನ ಮಾತು ಅವಳ ಬಾಯಿಗೆ ಬರುವಷ್ಟರಲ್ಲಿ ಬೇಲಿ ದಾಟಿಯಾಗಿತ್ತು.

ಸುಗ್ಗಿ ಮುಗಿಯಿತು. ಕಾಳು ಮನೆಮನೆ ಸೇರಿತು. ಸಾಣೆಯವನ ಸೇರು ಮಾತ್ರ ಯಾರ ಮನೆಯಿಂದಲೂ ಹೊರಬೀಳಲಿಲ್ಲ. ಕೇಳಲು ಅವನೂ ಬರಲಿಲ್ಲ.