ಎರಡೂ ಕಪ್ಪು ತಂತಿ

ಬಿರುಗಾಳಿಗೆ ಕಂಬ ಉರುಳಿ, ಬೀದಿಗೆ ಬೀದಿಯೇ ಹಿಂದಿನ ದಿನದಿಂದ ಕರೆಂಟಿಲ್ಲದೆ ಕೂತಿತ್ತು. ದರ್ಜಿಯಮ್ಮನ ಗಂಡನ ಗಂಟಲಿನ ಕೊಳವೆಯಿಂದ ಕಫ ಎಳೆಯುವ ಯಂತ್ರ ತನ್ನೊಳಗಿನ ಚಾರ್ಜ್ ಇರುವ ತನಕ ದುಡಿದು, ಮಧ್ಯಾಹ್ನ ಗೊರ್ರೆಂದು ನಿಂತೇ ಹೋಯಿತು. ಅವಳು ಆಂಬುಲೆನ್ಸಿಗೂ ಮೈದುನನಿಗೂ ಫೋನ್ ಮಾಡಿದಳು.

ಪಾರ್ಶ್ವವಾಯು ಹೊಡೆದ ಮೇಲೆ ಅವಳ ಗಂಡನಿಗೆ ಮಾತಿಲ್ಲ, ಕೈಕಾಲು ಆಡುವುದಿಲ್ಲ, ಕಣ್ಣೊಂದೇ ಗತಿ. ಒಮ್ಮೆ ಮಿಟುಕಿಸಿದರೆ ಹೌದು, ಎರಡು ಸಲವಾದರೆ ಅಲ್ಲ. ಒಂದು ಕಾಲಕ್ಕೆ ಊರಿನ ಮೂಕ ರೇಡಿಯೋಗಳೆಲ್ಲ ಅವನ ರಿಪೇರಿ ಅಂಗಡಿಯಲ್ಲೇ ಬಾಯಿ ಬಿಡುತ್ತಿದ್ದವು.

ಆಂಬುಲೆನ್ಸಿನವರು ರಸ್ತೆಗೆ ಬಿದ್ದ ಮರ ಕಡಿಯದೆ ಬರಲಾಗದು ಅಂದರು. ವ್ಯಾನು ಓಡಿಸುವ ಮೈದುನ ಶೆಡ್ಡಿನಲ್ಲಿದ್ದ ಬ್ಯಾಟರಿಯನ್ನೇ ಹೆಗಲ ಮೇಲೆ ಹೊತ್ತು ಓಡಿ ಬಂದ. ಯಂತ್ರವನ್ನು ಹೊರಗಿನ ಬ್ಯಾಟರಿಗೆ ಜೋಡಿಸುವ ತಂತಿಗಳೇನೋ ಪ್ಲಸ್ಸಿಗೆ ಕೆಂಪು, ಮೈನಸ್ಸಿಗೆ ಕಪ್ಪು. ಬ್ಯಾಟರಿಗೆ ಕಟ್ಟಿದ್ದು ಮಾತ್ರ ಎರಡೂ ಕಪ್ಪು. ಅದರ ಮೈಮೇಲಿನ ಗುರುತು ಎಂದೋ ಸವೆದುಹೋಗಿತ್ತು.

"ಪ್ಲಸ್ ಯಾವುದಪ್ಪಾ?"

"ನಾನೇ ಕಟ್ಟಿದ್ದು ಅತ್ತಿಗೆ, ನನಗೆ ಗೊತ್ತಿಲ್ವಾ?" ಅಂದವನೇ ಮುಟ್ಟಿಸಿಬಿಟ್ಟ.

ಚಟ್ ಅಂತ ಕಿಡಿ. ಯಂತ್ರ ಮಿಸುಕಲಿಲ್ಲ. ಅವಳು ಮುಚ್ಚಳ ತಿರುಗಿಸಿ ಫ್ಯೂಸ್ ತೆಗೆದು ನೋಡಿದರೆ, ಗಾಜೆಲ್ಲ ಕಪ್ಪಿಟ್ಟಿತ್ತು. ಗಂಡನ ಹಳೇ ಡಬ್ಬಿ ಸುರಿದು ಹುಡುಕಿದಳು. ಆ ಅಳತೆಯದು ಇದ್ದದ್ದು ಒಂದೇ ಒಂದು.

"ಹಾಗಾದ್ರೆ ಉಲ್ಟಾನೇ ಇರಬೇಕು. ಈ ಕಡೆ ಕೊಡಿ, ತಿರುಗಿಸಿ ಹಾಕ್ತೀನಿ."

"ಇರಬೇಕು, ಗಿರಬೇಕು ಅಂದ್ರೆ ಕೈ ಮುರೀತೀನಿ! ಆಗ ಯಾವುದಕ್ಕೆ ಯಾವುದು ಮುಟ್ಟಿಸಿದೆ, ಹೇಳು."

ಮೈದುನ ತಂತಿಗಳನ್ನು ನೋಡಿದ. ಹೆದರಿ ಕೈಬಿಟ್ಟಾಗ ಎರಡೂ ಹೆಣೆದುಕೊಂಡು ಬಿದ್ದಿದ್ದವು. ಯಾವುದು ಯಾವುದಕ್ಕೆ ತಾಗಿತ್ತೆಂದು ಅವನಿಗೂ ಗುರುತಾಗಲಿಲ್ಲ.

ಮಂಚದ ಮೇಲೆ ಗೊರಗೊರ ಸದ್ದು ಏರುತ್ತಿತ್ತು. ತುಟಿ ನೀಲಿಗಟ್ಟುತ್ತಿತ್ತು. ಅವಳು ಗಂಡನ ಮುಖಕ್ಕೆ ಮುಖ ತಂದಳು.

"ರೀ, ಅಂಗಡಿಯಲ್ಲಿ ಪ್ಲಸ್ ಯಾವುದು ಅಂತ ತಂತಿ ನೀರಿಗೆ ಅದ್ದಿ ನೋಡ್ತಿದ್ರಲ್ಲ, ಉಪ್ಪು ನೀರು ತಾನೆ?"

ಒಂದು ಮಿಟುಕು.

ಲೋಟಕ್ಕೆ ನೀರು, ಮುಷ್ಟಿ ಉಪ್ಪು. ಬ್ಯಾಟರಿಯ ತುದಿಗಳನ್ನು ಒಂದಕ್ಕೊಂದು ತಾಗದಂತೆ ಇಳಿಬಿಟ್ಟಳು. ಒಂದರಿಂದ ಬುಳುಬುಳು ಗುಳ್ಳೆ ಎದ್ದಿತು. ಇನ್ನೊಂದು ಹೆಚ್ಚುಕಮ್ಮಿ ಸುಮ್ಮನಿತ್ತು.

"ಗುಳ್ಳೆ ಬರೋದು ಪ್ಲಸ್ಸಾ?"

ಕಣ್ಣು ಮುಚ್ಚಿತು. ತೆರೆಯಲೇ ಇಲ್ಲ.

"ರೀ!" ಅವಳು ಕೆನ್ನೆ ತಟ್ಟಿದಳು. "ನನ್ನ ಕೈಬಿಡಬೇಡಿ. ರೀ, ನೋಡಿ ಇಲ್ಲಿ!"

ರೆಪ್ಪೆ ಅದುರಿತು, ತೆರೆಯಿತು, ಮತ್ತೆ ಮುಚ್ಚಿತು. ಇದು ಎರಡನೆಯದೋ, ಪ್ರಾಣ ಹೋಗುವ ಹೊತ್ತಿನ ಸೆಳೆತವೋ?

"ಮೈನಸ್ಸಾ? ಗುಳ್ಳೆ ಬರೋದು ಮೈನಸ್ಸಾ?"

ಕಣ್ಣು ಅಗಲವಾಗಿ ತೆರೆದು, ಅವಳನ್ನೇ ನೋಡಿ, ಒಮ್ಮೆ ಗಟ್ಟಿಯಾಗಿ ಮುಚ್ಚಿ ತೆರೆಯಿತು.

ಗುಳ್ಳೆ ಬಂದ ತಂತಿಗೆ ಬಟ್ಟೆಯ ಚೂರು ಕಟ್ಟಿ ಗುರುತು ಮಾಡಿ, ಅದನ್ನು ಯಂತ್ರದ ಕಪ್ಪಿಗೆ ಸೇರಿಸಿದಳು, ಇನ್ನೊಂದನ್ನು ಕೆಂಪಿಗೆ. ದಿನವಿಡೀ ಸೂಜಿಗೆ ದಾರ ಪೋಣಿಸುವ ಬೆರಳುಗಳಿಂದ ಇದ್ದ ಒಂದೇ ಫ್ಯೂಸನ್ನು ಕೂರಿಸಿದಳು. ಗುಂಡಿ ಒತ್ತಿದಳು.

ಯಂತ್ರ ಗುಯ್‌ಗುಟ್ಟಿತು. ಅದರ ನಳಿಕೆಯನ್ನು ಗಂಡನ ಗಂಟಲ ಕೊಳವೆಗೆ ಇಳಿಸಿದಳು, ಕಫ ಸರಸರ ಏರಿತು. ಒಂದು ದೊಡ್ಡ ಉಸಿರು ಒಳಗೆ ಹೋಯಿತು, ಮತ್ತೊಂದು ಹೋಯಿತು. ನೀಲಿ ನಿಧಾನವಾಗಿ ಇಳಿಯಿತು.

ಮೈದುನ ಗೋಡೆಗೊರಗಿ ಕುಸಿದು ಬಿಕ್ಕತೊಡಗಿದ. "ಅಣ್ಣನ್ನ ನಾನೇ ಕೊಂದುಬಿಡ್ತಿದ್ದೆ ಅತ್ತಿಗೆ."

ಅವಳು ಅವನ ರಟ್ಟೆ ಹಿಡಿದು ಎಬ್ಬಿಸಿದಳು. "ಅಳೋಕೆ ಆಮೇಲೆ ಪುರುಸೊತ್ತಿದೆ. ಈ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತೋ ಯಾರಿಗೆ ಗೊತ್ತು? ಇನ್ನೊಂದು ಹುಡುಕಿ ತಾ, ಓಡು."

ಅವನು ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಅವಳು ಗಂಡನ ಎದೆಯ ಮೇಲೆ ಅಂಗೈ ಇಟ್ಟು, ಅದು ಏರಿ ಇಳಿಯುವುದನ್ನೇ ಕಾಯುತ್ತ ಕೂತಳು.