ಉದ್ಘಾಟನೆಯ ನೀರು

"ಅಂಕಲ್, ನೀವು ಮುಂದೆ ಬನ್ನಿ. ಅಮ್ಮ ಹೇಳಿದ್ರು."

ಶವವಾಹನದಿಂದ ಪೆಟ್ಟಿಗೆ ಅರ್ಧ ಹೊರಗೆ ಬಂದಿತ್ತು. ಹಿಂಬದಿಯ ಹಿಡಿಕೆಗೆ ಕೈ ಹಾಕಿದ್ದ ಕಮಲಾಕ್ಷರು ಸುಧನ್ವನ ಮಾತಿಗೆ ತಡವರಿಸಿದರು. ಮುಂದೆ ಹಿಡಿದಿದ್ದವರು ಯಾರೋ ಆಗಲೇ ಸರಿದು ಜಾಗ ಬಿಟ್ಟಿದ್ದರು. ಅರವತ್ತೆರಡರ ಕಮಲಾಕ್ಷರು ಮುಂದೆ ಹೋಗಿ ನಿಂತು, ಸತ್ತವನ ಮಗ ಸುಧನ್ವನ ಸರಿಸಮಕ್ಕೆ ಹೆಜ್ಜೆ ಹಾಕಿದರು. ಪೆಟ್ಟಿಗೆ ಅವರು ಎಣಿಸಿದ್ದಕ್ಕಿಂತ ಹಗುರವಾಗಿತ್ತು. ರಾಜಣ್ಣ ಮೊದಲಿನಿಂದಲೂ ಸಣಕಲ.

ಎರಡು ಸಾವಿರದ ಎಂಟರ ಜನವರಿ. ಮೆಲ್ಬರ್ನಿನಲ್ಲಿ ಬಿಸಿಲು ನಲವತ್ತು ದಾಟಿತ್ತು. ಕಮಲಾಕ್ಷರು ಸಿಡ್ನಿಯಿಂದ ಬೆಳಗಿನ ಮೊದಲ ವಿಮಾನಕ್ಕೆ ಬಂದಿದ್ದರು. ವೆರಿಬೀ ಕಡೆಯ ಕನ್ನಡದವರು, ರಾಜಣ್ಣ ಪಂಪು, ಬಾಯ್ಲರು ನೋಡಿಕೊಳ್ಳುತ್ತಿದ್ದ ಶಾಲೆಯ ನಾಲ್ಕೈದು ಮಂದಿ, ಎಲ್ಲ ಸೇರಿ ಅರವತ್ತು ಜನ ಇದ್ದಿರಬೇಕು.

ಒಳಗೆ ರಾಜಣ್ಣನ ಹೆಂಡತಿ ಸರಸ್ವತಿ ಎದ್ದು ಬಂದು ಕೈ ಮುಗಿದಳು. "ನೀವು ಬಂದ್ರಲ್ಲ ಸಾರ್, ಅಷ್ಟು ಸಾಕು. ನಿಮ್ಮ ಒಂದು ಕಾಗದದಿಂದ ನಮಗೆ ಇಲ್ಲೇ ಉಳಿಯೋಕೆ ಪಿಆರ್ ಆಯ್ತು, ಇವನ ಓದಾಯ್ತು. ಆಮೇಲೂ ವರ್ಷಾ ವರ್ಷ ಟಿಮೋರ್ ಕೆಲಸಕ್ಕೆ ಅವರನ್ನೇ ಕರೆಸ್ಕೊಳ್ತಾ ಇದ್ರಿ. ನಾವು ಮರೆಯೋ ಜನ ಅಲ್ಲ ಸಾರ್."

ವರ್ಷಾ ವರ್ಷ ಯಾರು ಕರೆಸಿಕೊಂಡದ್ದು, ಯಾವ ಕೆಲಸಕ್ಕೆ, ಕಮಲಾಕ್ಷರಿಗೆ ತಿಳಿಯಲಿಲ್ಲ. ಆರು ವರ್ಷದಿಂದ ಅವರು ರಾಜಣ್ಣನಿಗೆ ಒಂದು ಫೋನೂ ಮಾಡಿರಲಿಲ್ಲ. ಆದರೂ ತಲೆ ಆಡಿಸಿದರು.

"ನೀವು ಎರಡು ಮಾತು ಆಡ್ಬೇಕು ಸಾರ್," ಎಂದಳು ಸರಸ್ವತಿ.

ಅವರಿಗೆ ಮಾತು ರೂಢಿಯಾಗಿತ್ತು. ನಿವೃತ್ತ ರಾಜತಾಂತ್ರಿಕ ಎಂದು ಸಿಡ್ನಿಯ ಹ್ಯಾರಿಸ್ ಪಾರ್ಕಿನ ಸಭೆಗಳಲ್ಲಿ ಅವರನ್ನು ಕರೆದು ಶಾಲು ಹೊದಿಸುತ್ತಿದ್ದರು; ಸುಟ್ಟು ಬೂದಿಯಾದ ಪೂರ್ವ ಟಿಮೋರನ್ನು ಮತ್ತೆ ಕಟ್ಟಿದ ಕತೆಯನ್ನು ಅವರು ನಲವತ್ತು ನಿಮಿಷಕ್ಕೂ ಹೇಳಬಲ್ಲರು, ನಾಲ್ಕು ನಿಮಿಷಕ್ಕೂ ಹೇಳಬಲ್ಲರು. ಈಗ ನಾಲ್ಕು ನಿಮಿಷದ್ದನ್ನೇ ಹೇಳಿದರು. ಕಡಲತೀರದ ಹಳ್ಳಿ, ಹೊಸ ನಲ್ಲಿ, ಮೊದಲ ಲೋಟ ನೀರು. "ಆ ನೀರಿನ ಹಿಂದೆ ನಮ್ಮ ರಾಜಣ್ಣನ ಕೈ ಇತ್ತು," ಎಂದು ಮುಗಿಸಿದರು. ಎದುರಿನ ಸಾಲಿನಲ್ಲಿ ಇಬ್ಬರು ಕಣ್ಣೊರೆಸಿಕೊಂಡರು.

*

ಆ ಹಳ್ಳಿ ಪೂರ್ವ ಟಿಮೋರಿನ ರಾಜಧಾನಿ ಡಿಲಿಯಿಂದ ಮೂರು ಗಂಟೆಯ ದಾರಿ. ಸ್ವಾತಂತ್ರ್ಯದ ಮತದಾನವಾದ ಮೇಲೆ ನಡೆದ ತೊಂಬತ್ತೊಂಬತ್ತರ ದಾಳಿಯಲ್ಲಿ ಅಲ್ಲಿ ಒಂದು ಮಾಡೂ ಉಳಿದಿರಲಿಲ್ಲ. ಎರಡು ಸಾವಿರದ ಒಂದರಲ್ಲಿ ಕಮಲಾಕ್ಷರು ನಡೆಸುತ್ತಿದ್ದ ಪುನರ್ನಿರ್ಮಾಣ ಕಚೇರಿ ಅಲ್ಲಿ ಕೊಳವೆಬಾವಿ ತೋಡಿಸಿ ಟ್ಯಾಂಕು, ನಲ್ಲಿ ಹಾಕಿಸಿತು. ತುಮಕೂರು ಕಡೆಯ ಪಂಪ್ ಮೆಕ್ಯಾನಿಕ್ ರಾಜಣ್ಣ ಅದರ ಮೇಲ್ವಿಚಾರಣೆಗೆ ಇದ್ದ. ಕನ್ನಡದವನೆಂದು ಕಮಲಾಕ್ಷರೇ ಆರಿಸಿಕೊಂಡಿದ್ದರು.

ಉದ್ಘಾಟನೆಗೆ ನಾಲ್ಕು ದಿನವಿದ್ದಾಗ ಅವನು ಮೂರು ಪುಟದ ವರದಿ ತಂದು ಮೇಜಿನ ಮೇಲಿಟ್ಟ.

"ಈ ಬಾವಿ ಬೇಡ ಸಾರ್. ಈಗ್ಲೇ ನೀರು ಸ್ವಲ್ಪ ಉಪ್ಪು. ಮಳೆ ನಿಂತ್ಮೇಲೆ ಬಾಯಿಗೆ ಹಾಕಕ್ಕಾಗಲ್ಲ. ಗುಡ್ಡದ ಮೇಲೆ ಒಂದು ಒರತೆ ಐತೆ, ಅಲ್ಲಿಂದ ಪೈಪ್ ಎಳೆದ್ರೆ ಆರು ವಾರ."

"ಆರು ವಾರ ಎಲ್ಲಿಂದ ತರುವುದು ಮಾರಾಯ? ದುಡ್ಡು ಕೊಟ್ಟ ದೇಶಗಳ ಪ್ರತಿನಿಧಿಗಳು ಶುಕ್ರವಾರ ಬರ್ತಾರೆ. ಅವರಿಗೆ ನಲ್ಲಿಯಲ್ಲಿ ನೀರು ಕಾಣ್ಬೇಕು. ಟ್ಯಾಂಕರಲ್ಲಿ ತರಿಸಿ ಟ್ಯಾಂಕು ತುಂಬಿಸು. ಉಳಿದದ್ದು ಆಮೇಲೆ ನೋಡುವ."

ಶುಕ್ರವಾರ ಬೆಳಿಗ್ಗೆ ರಾಜಣ್ಣ ಟ್ಯಾಂಕು ತುಂಬಿಸಿದ. ಹತ್ತು ಗಂಟೆಗೆ ಕಮಲಾಕ್ಷರು ನಲ್ಲಿ ತಿರುಗಿಸಿ ಮೊದಲ ಲೋಟ ಕುಡಿದರು. ಕ್ಯಾಮೆರಾಗಳು ಕ್ಲಿಕ್ಕಿಸಿದವು. ಹಳ್ಳಿಯ ಹಳೆಯ ಬಾವಿ ಇನ್ನು ಬೇಡವೆಂದು ಅದೇ ವಾರ ಮುಚ್ಚಿಸಿದರು. 'ಆಮೇಲೆ' ಬರುವಷ್ಟರಲ್ಲಿ ಬೇರೆ ಹಳ್ಳಿಗಳು, ಬೇರೆ ಉದ್ಘಾಟನೆಗಳು ಬಂದವು. ಸೆಪ್ಟೆಂಬರಿನಲ್ಲಿ ನಲ್ಲಿಯಲ್ಲಿ ಉಪ್ಪು ನೀರು ಬಂತು. ಜನ ಹೊಂಡದ ನೀರು ಕುಡಿದರು. ಹನ್ನೊಂದು ಮಕ್ಕಳು ವಾಂತಿಭೇದಿಗೆ ಬಿದ್ದು, ಇಬ್ಬರು ಸತ್ತರು.

ಮೇಲಿನವರು ವಿವರಣೆ ಕೇಳಿದಾಗ, ತಾಂತ್ರಿಕ ಸಿಬ್ಬಂದಿ ಮುನ್ನೆಚ್ಚರಿಕೆ ನೀಡಿರಲಿಲ್ಲ ಎಂದು ಕಮಲಾಕ್ಷರು ಬರೆದರು. ಮೂರು ಪುಟಗಳು ಆಗ ಅವರ ಡ್ರಾಯರಿನಲ್ಲೇ ಇದ್ದವು. ತಪ್ಪು ನಿನ್ನದೆಂದು ಒಪ್ಪಿಕೊಂಡು ಸಹಿ ಹಾಕು, ಆಸ್ಟ್ರೇಲಿಯಾಕ್ಕೆ ಹೋಗಲು ಒಳ್ಳೆಯ ಶಿಫಾರಸು ಪತ್ರ ಕೊಡುತ್ತೇನೆ, ನಿನ್ನ ಮಗನ ಭವಿಷ್ಯ ನೋಡು ಎಂದರು ರಾಜಣ್ಣನಿಗೆ.

ಅವನು ಕಾಗದವನ್ನು ಬಹಳ ಹೊತ್ತು ಓದಿದ. "ಇದ್ರಲ್ಲಿ ಆ ಮಕ್ಕಳ ಹೆಸರು ಇಲ್ವಾ ಸಾರ್?"

"ಸಂಖ್ಯೆ ಉಂಟಲ್ಲ."

ರಾಜಣ್ಣ ಸಹಿ ಹಾಕಿದ.

*

ಕಮಲಾಕ್ಷರು ಕೂತ ಮೇಲೆ, ಹಿಂದಿನ ಸಾಲಿನಿಂದ ಕಪ್ಪು ಉಡುಪಿನ ಹೆಂಗಸೊಬ್ಬಳು ಎದ್ದು ಬಂದಳು. ತನ್ನ ಹೆಸರು ಫಿಲೊಮೆನಾ, ತಾನು ಇದೇ ಮೆಲ್ಬರ್ನಿನ ವೃದ್ಧಾಶ್ರಮವೊಂದರಲ್ಲಿ ಕೆಲಸ ಮಾಡುವವಳು, ಆ ಹಳ್ಳಿಯವಳು ಎಂದು ನಿಧಾನದ ಇಂಗ್ಲಿಷಿನಲ್ಲಿ ಹೇಳಿದಳು.

ಕೆಲಸ ಹೋದ ಮರುವರ್ಷವೇ ರಾಜಣ್ಣ ಒಬ್ಬನೇ ತಮ್ಮ ಹಳ್ಳಿಗೆ ಬಂದನಂತೆ. ಅವನನ್ನು ಯಾರೂ ಕಳಿಸಿರಲಿಲ್ಲ. ಹಿರಿಯರೆದುರು ನಿಂತು, ಆ ದಿನ ಟ್ಯಾಂಕು ತುಂಬಿಸಿದವನು ನಾನು, ಬಾವಿಯ ನೀರು ಸರಿಯಿಲ್ಲವೆಂದು ಗೊತ್ತಿದ್ದೇ ತುಂಬಿಸಿದೆ ಎಂದನಂತೆ. ನಿನಗೆ ಹಾಗೆ ಮಾಡಲು ಹೇಳಿದವರು ಯಾರು ಎಂದು ಹಿರಿಯರು ಕೇಳಿದರು. ಪೈಪು ಹಿಡಿದದ್ದು ನನ್ನ ಕೈ, ಎಂದಷ್ಟೇ ಅವನು ಹೇಳಿದ. ಮೊದಲ ವರ್ಷ ಅವನಿಗೆ ಯಾರೂ ಊಟಕ್ಕೆ ಕರೆಯಲಿಲ್ಲ. ಆದರೂ ಪ್ರತಿ ಜುಲೈ ರಜೆಯಲ್ಲಿ ಬಂದು, ಊರವರ ಜೊತೆ ಗುಡ್ಡದಿಂದ ಪೈಪು ಎಳೆದ. ನಾಲ್ಕನೆಯ ವರ್ಷ ಒರತೆಯ ನೀರು ಹಳ್ಳಿಗೆ ಬಂತು.

"ಹೋಗಿಬಿಟ್ಟ ಮಕ್ಕಳು ಜಸಿಂತಾ ಮತ್ತು ಡೊಮಿಂಗೋಸ್," ಎಂದಳು ಫಿಲೊಮೆನಾ. "ಜಸಿಂತಾ ನನ್ನ ಅಕ್ಕನ ಮಗಳು. ಆಸ್ಪತ್ರೆಯಲ್ಲಿ ಕೊನೆಗೆ ನಾನು ನೋಡಲು ಹೋದಾಗಲೂ ರಾಜಣ್ಣ ಆ ಎರಡು ಹೆಸರು ಹೇಳಿ ಕ್ಷಮೆ ಕೇಳಿದರು."

ಅವಳು ವೇದಿಕೆಯಿಂದ ಇಳಿದು ಬರುವಾಗ ಕಮಲಾಕ್ಷರ ಎದುರು ನಿಂತಳು. "ನಿಮ್ಮನ್ನು ಗುರುತಿಸಿದೆ. ಮೊದಲ ಲೋಟ ಕುಡಿದವರು ನೀವು." ಅವಳ ದನಿಯಲ್ಲಿ ಆರೋಪವಿರಲಿಲ್ಲ. ಪರಿಚಯದವರನ್ನು ಕಂಡ ಸಂತೋಷವಿತ್ತು. ಕಮಲಾಕ್ಷರು ತಲೆ ಎತ್ತಲಿಲ್ಲ.

*

ಮನೆಗೆ ಹಿಂದಿರುಗುವಾಗ ಸುಧನ್ವನ ಕಾರಿನಲ್ಲಿ ಅವರಿಬ್ಬರೇ ಇದ್ದರು. ಹೆಂಗಸರು ಬೇರೆ ಕಾರಿನಲ್ಲಿ ಹೋಗಿದ್ದರು.

"ಅಪ್ಪ ಯಾಕೆ ಅಷ್ಟು ಗಿಲ್ಟಿ ಫೀಲ್ ಮಾಡಿದ್ರು ಅಂತ ಅರ್ಥ ಆಗ್ತಿಲ್ಲ ಅಂಕಲ್," ಎಂದ ಸುಧನ್ವ. "ಅವರು ಜಸ್ಟ್ ಮೆಕ್ಯಾನಿಕ್. ಡಿಸೈಡ್ ಮಾಡಿದ್ದು ಬೇರೆಯವರು ಇರ್ಬೇಕಲ್ವಾ?"

ಕಮಲಾಕ್ಷರು ಎದುರಿನ ರಸ್ತೆ ನೋಡುತ್ತಿದ್ದರು. "ಟ್ಯಾಂಕು ತುಂಬಿಸ್ಲಿಕ್ಕೆ ಹೇಳಿದ್ದು ನಾನು," ಎಂದರು. "ಬೇಡ ಅಂತ ಅವನು ಬರೆದು ಕೊಟ್ಟಿದ್ದ. ಅದನ್ನು ಮುಚ್ಚಿಟ್ಟು, ತಪ್ಪು ಅವನದ್ದು ಅಂತ ಬರೆದವನೂ ನಾನೇ. ಆ ಶಿಫಾರಸು ಪತ್ರ ಅದಕ್ಕೇ ಕೊಟ್ಟದ್ದು."

ಸುಧನ್ವ ಕೆಂಪು ಸಿಗ್ನಲಿನಲ್ಲಿ ಕಾರು ನಿಲ್ಲಿಸಿದ.

"ಅಪ್ಪಂಗೆ ಸಾರಿ ಹೇಳಿದ್ರಾ?"

"ಇಲ್ಲ."

"ಸಿಡ್ನಿಯಿಂದ ಒಂದೂವರೆ ಗಂಟೆ ಫ್ಲೈಟ್, ಅಂಕಲ್."

ಮನೆಯ ಬೀದಿಗೆ ತಿರುಗಿದಾಗ ಸುಧನ್ವ ಹೇಳಿದ: "ಅಮ್ಮಂಗೆ ನಾನು ಹೇಳಲ್ಲ. ನೀವೇ ಹೇಳಿ."

ಅಂಗಳದಲ್ಲಿ ಒಂದು ಬಕೆಟ್ ನೀರಿಟ್ಟಿದ್ದರು. ಸ್ಮಶಾನದಿಂದ ಬಂದವರು ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು ಒಳಗೆ ಹೋಗುತ್ತಿದ್ದರು. ಸುಧನ್ವ ಮಗ್ಗಿನಲ್ಲಿ ಮೊಗೆದು ಎಲ್ಲರಿಗೂ ನೀರು ಹಾಕಿದ. ಫಿಲೊಮೆನಾಳ ಕಾಲಿಗೂ ಹಾಕಿದ. ಕೊನೆಗೆ ಕಮಲಾಕ್ಷರು ಬೂಟು, ಕಾಲುಚೀಲ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಾಗ, ಮಗ್ಗನ್ನು ಬಕೆಟಿನಲ್ಲಿ ಬಿಟ್ಟು ಒಳಗೆ ನಡೆದುಬಿಟ್ಟ.

ಬಾಗಿಲಲ್ಲಿದ್ದ ಸರಸ್ವತಿ ಅದನ್ನು ನೋಡಿದಳು. "ಅವನಿಗೆ ಇವತ್ತು ತಲೆ ಸರಿಯಿಲ್ಲ ಸಾರ್, ತಪ್ಪು ತಿಳ್ಕೋಬೇಡಿ," ಎನ್ನುತ್ತ ಮೆಟ್ಟಿಲಿಳಿದು ಬಂದಳು. ಮಗ್ಗು ತುಂಬಿಕೊಂಡು, ಇನ್ನೊಂದು ಕೈಯಲ್ಲಿ ಸೆರಗು ಹಿಡಿದುಕೊಂಡು ಅವರ ಪಾದದ ಕಡೆ ಬಗ್ಗಿದಳು.

"ಸರಸ್ವತೀ, ಬೇಡ," ಎಂದ ಕಮಲಾಕ್ಷರು ಒಂದು ಹೆಜ್ಜೆ ಹಿಂದಕ್ಕೆ ಹೋದರು. "ಮೊದಲು ನಾನು ಹೇಳುವುದು ಕೇಳು."

ಅಷ್ಟರಲ್ಲಿ ಮಗ್ಗು ಬಾಗಿತ್ತು. ನೀರು ಇಬ್ಬರ ನಡುವಿನ ಬಿಸಿ ಸಿಮೆಂಟಿನ ಮೇಲೆ ಬಿದ್ದು, ಹರಡಿ, ಅಂಚಿನಿಂದ ಒಣಗತೊಡಗಿತು. ಬಗ್ಗಿದವಳು ಬಗ್ಗಿದಂತೆಯೇ ಮುಖವೆತ್ತಿ ಅವರನ್ನು ನೋಡಿದಳು.